ಕಾಳವ್ವ ತನ್ನ ದನಿಯನ್ನು ಮರಳಿ ಪಡೆದದ್ದು

ಗದಗ,
ಫೆಬ್ರುವರಿ ಮೂವತ್ತು, 2187

ನಮ್ಮ ಕೇಳುಪತ್ರಿಕೆಯನ್ನು ಹುಟ್ಟುಹಾಕಿದ ಹಿರಿಯರಿಗೆ, ಈ ವರ್ಷದ ಸಂಪಾದಕಿ ತಸ್ಲೀಮಾ ನದಾಫಳ ನಮಸ್ಕಾರಗಳು.

ಮೇಲಿನ ತಾರೀಖು ಕೈತಪ್ಪಿ ಬರೆದದ್ದಲ್ಲ. ತಿಂಗಳುಗಳನ್ನು ಸರಿಸಮ ಮಾಡಿದ ಮೇಲೆ ಫೆಬ್ರುವರಿಗೂ ಮೂವತ್ತು ದಿನ ಸಿಕ್ಕಿವೆ. ನಿಮ್ಮನ್ನು ಹಿರಿಯರೆಂದು ಕರೆಯುವಾಗ ನನಗೇ ನಗು ಬರುತ್ತದೆ. ನೂರೈವತ್ತಕ್ಕೂ ಹೆಚ್ಚು ವರ್ಷ ಹಿಂದಿನ ನಿಮ್ಮ ಕಾಲದಲ್ಲಿ ನೀವಿನ್ನೂ ಕಾನೂನು ಓದುತ್ತಿರುವ ಹುಡುಗ ಹುಡುಗಿಯರು, ವಯಸ್ಸಿನಲ್ಲಿ ನಾನೇ ನಿಮಗಿಂತ ತುಸು ದೊಡ್ಡವಳಿರಬೇಕು. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನೀವು ಪಾಡ್‌ಕಾಸ್ಟ್ ಅನ್ನುವುದನ್ನು ನಾವು ಕೇಳುಪತ್ರಿಕೆ ಅನ್ನುತ್ತೇವೆ. ಅವಧಿ ಮುಗಿಸಿ ಹೊರಡುವ ಸಂಪಾದಕರು ನಿಮಗೊಂದು ಪತ್ರ ಬರೆದಿಡುವುದು ನಮ್ಮಲ್ಲಿ ರೂಢಿ. ಅದು ತಲುಪುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಆದರೂ ಈ ಸಲ ನಾನು ತುಂಬ ಖುಷಿಯಿಂದ ಬರೆಯುತ್ತಿದ್ದೇನೆ.

ಕಾಲೇಜಿನ ಕಾನೂನು ಪತ್ರಿಕೆಯನ್ನು ಬರೆದವರ ಹೊರತು ಯಾರೂ ಓದುವುದಿಲ್ಲವೆಂದು ಬೇಸತ್ತು, ಹಳೇ ಸಾಮಾನಿನ ಕೋಣೆಯ ಗೋಡೆಗೆ ಸದ್ದು ತಡೆಯಲೆಂದು ಮನೆಯ ಕೌದಿಗಳನ್ನು ಹೊಡೆದು, ಒಂದೇ ಮೈಕಿನ ಸುತ್ತ ಕೂತು ನೀವು ಮಾತು ಶುರು ಮಾಡಿದಿರಂತೆ. ಮುಖ ಗುರುತಿಸುವ ಕ್ಯಾಮೆರಾ, ಫೋನಿನ ಆ್ಯಪು, ಯಂತ್ರ ಕೊಡುವ ತೀರ್ಪು ಇವೆಲ್ಲವನ್ನೂ ಸಂತೆಗೆ ಹೋಗುವವರಿಗೂ ತಿಳಿಯುವ ಹಾಗೆ ಹೇಳಿದಿರಂತೆ. ನಾವು ಈಗಲೂ ಅದನ್ನೇ ಮಾಡುತ್ತೇವೆ.

ನಮ್ಮ ಕಾಲೇಜು ಇರುವುದು ಕಪ್ಪತಗುಡ್ಡದ ಬುಡದಲ್ಲಿ. ಬಿಸಿಲು ನಿಮ್ಮ ಕಾಲದ ಬಿಸಿಲಲ್ಲ. ಹೀಗಾಗಿ ನ್ಯಾಯಾಲಯ ಸೂರ್ಯ ಹುಟ್ಟುವ ಮೊದಲೇ ಕೂಡುತ್ತದೆ. ಅದಕ್ಕೆ ತಂಪುಕೋರ್ಟು ಎಂದು ಹೆಸರು. ಮಧ್ಯಾಹ್ನ ಊರಿಗೆ ಊರೇ ಬಾಗಿಲು ಹಾಕಿಕೊಂಡು ಮಲಗುತ್ತದೆ. ಸಂಜೆ ಹುಬ್ಬಳ್ಳಿಯಿಂದ ಸರಬಂಡಿಗಳು ಬರತೊಡಗಿದಾಗ ಅಂಗಡಿಗಳು ತೆರೆಯುತ್ತವೆ, ಮಂಡಕ್ಕಿ ಗಿರ್ಮಿಟ್ಟಿನ ವಾಸನೆ ಏಳುತ್ತದೆ. ಚಾಲಕನಿಲ್ಲದೆ, ಸರದ ಮಣಿಗಳಂತೆ ಒಂದಕ್ಕೊಂದು ಜೋಡಿಸಿಕೊಂಡು ಓಡುವ ಬಂಡಿಗಳು ಅವು. ಪ್ರತಿ ನಿಲ್ದಾಣದಲ್ಲೂ ಒಬ್ಬ ಹೆಣ್ಣುಮಗಳ ದನಿ ಕೇಳುತ್ತದೆ: “ಮುಂದಿನ ನಿಲ್ದಾಣ ಗದಗ. ಇಳಿಯುವವರು ಎಡಬದಿಗೆ ಬನ್ನಿ.” ಆ ದನಿ ಕೇಳಿಕೊಂಡೇ ನಾವೆಲ್ಲ ಬೆಳೆದೆವು. ಅದು ಬೆಟಗೇರಿಯ ಕಾಳವ್ವ ಬಡಿಗೇರ ಅವರ ದನಿ ಎಂಬುದು ಮಾತ್ರ, ಆಕೆ ಒಂದು ಬೆಳಗ್ಗೆ ನಮ್ಮ ಕಾಲೇಜಿಗೆ ಬರುವ ತನಕ ನನಗೆ ಗೊತ್ತಿರಲಿಲ್ಲ.

ಕಾಳವ್ವ ಮದುವೆಗೆ ಮೊದಲು ‘ಸ್ವರಸಂಪದ’ ಎಂಬ ಕಂಪನಿಗೆ ಆ ಸಾಲುಗಳನ್ನು ಓದಿಕೊಟ್ಟಿದ್ದರು. ಆಮೇಲೆ ಮರೆತೂ ಬಿಟ್ಟಿದ್ದರು. ಆದರೆ ನಮ್ಮ ಕಾಲದಲ್ಲಿ ದನಿಜರಡಿ ಎಂಬುದೊಂದಿದೆ. ಸತ್ತವರ, ದೂರದವರ ದನಿಯನ್ನು ನಕಲು ಮಾಡಿ ಮೋಸ ಮಾಡುವುದು ಹೆಚ್ಚಾದಾಗ ಸರಕಾರ ತಂದ ಏರ್ಪಾಡು ಅದು. ಜಾಲದಲ್ಲಿ ಹಾಯುವ ಪ್ರತಿ ಮಾತನ್ನೂ ಸೋಸುತ್ತದೆ. ಒಬ್ಬರ ಹೆಸರಿಗೆ ನೋಂದಾಯಿಸಿದ ದನಿ ಬೇರೆ ಕಡೆಯಿಂದ ಬಂದರೆ ನಕಲಿಯೆಂದು ಕತ್ತರಿಸುತ್ತದೆ. ಕಾಳವ್ವನ ಹರೆಯದ ದನಿ ಕಂಪನಿಯ ಹೆಸರಿನಲ್ಲಿತ್ತು. ವಯಸ್ಸಾದಂತೆ ಅವರ ದನಿ ಬದಲಾದ್ದರಿಂದ ತೊಂದರೆ ಆಗಿರಲಿಲ್ಲ. ಹೋದ ವರ್ಷ ಕಂಪನಿ, ಆ ದನಿ ಮುಪ್ಪಿನಲ್ಲಿ ಹೇಗಿರಬಹುದೆಂದು ಯಂತ್ರದಿಂದ ಲೆಕ್ಕ ಹಾಕಿಸಿ, ಅದನ್ನೂ ನೋಂದಾಯಿಸಿತು. ಅಂದಿನಿಂದ ಕಾಳವ್ವ ಫೋನಿನಲ್ಲಿ “ಹಲೋ” ಎಂದರೆ ಸಾಕು, ಆಚೆ ಕಡೆ ಸದ್ದೇ ಇರುತ್ತಿರಲಿಲ್ಲ.

ಆಕೆಯ ಯಜಮಾನರು ಮೌನೇಶಪ್ಪ, ಬಡಿಗ. ಮಾಳಿಗೆಯ ತೊಲೆ ಸರಿಮಾಡುವಾಗ ಏಣಿ ಜಾರಿ ಬಿದ್ದರು. ಕಾಳವ್ವ ಆಂಬುಲೆನ್ಸಿಗೆ ಮತ್ತೆ ಮತ್ತೆ ಕರೆ ಮಾಡಿದರು. ಪ್ರತಿ ಸಲವೂ ಜರಡಿ ಕತ್ತರಿಸಿತು. ಕೊನೆಗೆ ಬೀದಿಗೆ ಓಡಿ ಕೂಗಿಕೊಂಡಾಗ ಪಕ್ಕದ ಮನೆಯವರು ತಳ್ಳುಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ಮೌನೇಶಪ್ಪ ಉಳಿದರು, ಎಡಗಾಲು ಮಾತ್ರ ಮೊದಲಿನಂತಾಗಲಿಲ್ಲ.

ಕಾಳವ್ವ ಕಂಪನಿಯ ಮೇಲೆ ದಾವೆ ಹೂಡಿದರು. ಅಲ್ಲಿ ಆದದ್ದು ಇನ್ನೂ ವಿಪರೀತ. ಧಾರವಾಡದ ಪೀಠ ವಿಚಾರಣೆ ನಡೆಸುವುದು ಜಾಲದ ಮೂಲಕ. ಸಾಕ್ಷಿ ಹೇಳಲು ಆಕೆ ಬಾಯಿ ತೆರೆದೊಡನೆ ಜರಡಿ ಆ ಮಾತನ್ನೂ ನುಂಗಿತು. ಕಂಪನಿಯ ವಕೀಲರು, ಆಕೆಯ ಪರವಾಗಿ ಬೇರೆ ಯಾರಾದರೂ ಮಾತಾಡಲಿ ಎಂದರು. ಕಾಳವ್ವ ನಮ್ಮ ಕಾಲೇಜಿಗೆ ಬಂದದ್ದು ಆಗಲೇ. “ನನ್ನ ಗಂಡ ಬಿದ್ದಿದ್ದು, ನಾ ಒದರಿದ್ದು. ಇನ್ನೊಬ್ರು ಯಾಕ ಹೇಳ್ಬೇಕ್ರಿ? ನನ್ನ ಮಾತು ನಾನ ಹೇಳ್ತೀನಿ.”

ಆಕೆಯ ಮಾತನ್ನೇ ಒಂದು ಸಂಚಿಕೆ ಮಾಡಬೇಕೆಂದು ನಾವು ನಿರ್ಧರಿಸಿದೆವು. ಪ್ರಾಚಾರ್ಯೆ ಅನಸೂಯಾ ಮೇಡಂ ನನ್ನನ್ನೂ ಸಹಸಂಪಾದಕ ಅಜ್ಜಪ್ಪನನ್ನೂ ಕರೆಸಿದರು. “ನೋಂದಾಯಿಸಿದ ದನಿ ಬಿತ್ತರ ಮಾಡಿದ್ರ ಪತ್ರಿಕೆನೂ ಹೋಗ್ತದ, ನಿಮಗ ವಕೀಲಿ ಸನದೂ ಸಿಗಂಗಿಲ್ಲ. ವಿಚಾರ ಮಾಡೀರೇನು?”

ಅಜ್ಜಪ್ಪ ತಲೆ ಕೆರೆದುಕೊಂಡ. “ಮೇಡಂ, ಜರಡಿ ಇರೋದು ಜಾಲದಾಗ. ಗಾಳ್ಯಾಗ ಇಲ್ಲಲ್ರಿ.”

ಮೇಡಂ ಕುರ್ಚಿಯಿಂದ ಎದ್ದರು. ನಂತರ, “ಹಂಗಾದ್ರ ನಾನೂ ಬರ್ತೀನಿ ನಡೀರಿ,” ಎಂದರು.

ಹೀಗೆ ಆ ಸಂಚಿಕೆ ಗದಗ ನಿಲ್ದಾಣದ ಕಟ್ಟೆಯ ಮೇಲೆ, ಜನರೆದುರಿಗೇ ಹೊರಬಂತು. ಸಂಜೆಯ ಬಂಡಿಗಳು ಬರುವ ಹೊತ್ತು. ನಾನು ಪ್ರಶ್ನೆ ಕೇಳುತ್ತಿದ್ದೆ, ಕಾಳವ್ವ ನಿಂತು ಉತ್ತರ ಹೇಳುತ್ತಿದ್ದರು. ಅರ್ಧಕ್ಕೇ ಮೇಲಿನ ಧ್ವನಿವರ್ಧಕ ಮೊಳಗಿತು: “ಮುಂದಿನ ನಿಲ್ದಾಣ ಕೊಪ್ಪಳ.” ಮೇಲೆ ಆಕೆಯ ಹರೆಯದ ದನಿ, ಕೆಳಗೆ ಅದೇ ದನಿ ಮುಪ್ಪಾಗಿ. ಜನ ಮೊದಲು ನಕ್ಕರು. ಬಂಡಿ ಹೋಯಿತು, ಹತ್ತಬೇಕಾದ ಎಷ್ಟೋ ಮಂದಿ ಹತ್ತಲೇ ಇಲ್ಲ. ತೊಟ್ಟಿಲ ಕೂಸನ್ನು ಎತ್ತಿಕೊಂಡಿದ್ದ ಒಬ್ಬ ತಾಯಿ, “ಅವ್ವಾ, ನೀವು ಇನ್ನೂ ಬದುಕೀರೇನು?” ಎಂದು ಕೇಳಿದಳು. ಕಾಳವ್ವ ಆಕೆಯ ಕೆನ್ನೆ ಸವರಿ, “ಬದುಕೀನಿ ತಂಗಿ, ಅದನ್ನ ಹೇಳಾಕ ಬಂದೀನಿ,” ಎಂದರು.

ಅಂದು ಕೇಳಿದವರೆಲ್ಲ, ಈಕೆ ಜೀವಂತ ಹೆಂಗಸು, ನಾವು ಕಣ್ಣಾರೆ ಕಂಡಿದ್ದೇವೆ ಎಂದು ಪ್ರಮಾಣ ಮಾಡಿ ಸಹಿ ಹಾಕಿದರು. ಅದನ್ನಿಟ್ಟುಕೊಂಡು, ಸಾಕ್ಷಿಯ ದನಿಯೇ ಕೇಳಿಸದ ವಿಚಾರಣೆ ವಿಚಾರಣೆಯೇ ಅಲ್ಲವೆಂದು ನಾವು ಅರ್ಜಿ ಬರೆದೆವು. ಧಾರವಾಡ ಪೀಠದ ನ್ಯಾಯಮೂರ್ತಿ ಹೇಮಲತಾ ಕೊಪ್ಪದ ಖುದ್ದಾಗಿ ಗದಗಿಗೆ ಬಂದರು. ತಂಪುಕೋರ್ಟಿನ ಅಂಗಳ ಇನ್ನೂ ಕತ್ತಲಿರುವಾಗಲೇ ತುಂಬಿತ್ತು. ಕಂಪನಿಯ ವಕೀಲರು ಕರಾರು ಓದಿದರು: ದನಿ, ಅದರ ಎಲ್ಲ ರೂಪಗಳಲ್ಲಿ, ಕಂಪನಿಯ ಸ್ವತ್ತು.

ನ್ಯಾಯಮೂರ್ತಿಗಳು ಕಾಳವ್ವನತ್ತ ತಿರುಗಿ, “ನಿಮ್ಮ ದನಿಯನ್ನು ಮಾರಿದ್ದು ಖರೇನಾ?” ಎಂದು ಕೇಳಿದರು.

“‘ಮುಂದಿನ ನಿಲ್ದಾಣ ಗದಗ’ ಅನ್ನೋದನ್ನ ಮಾರೀನ್ರಿ, ಇಲ್ಲ ಅನ್ನಂಗಿಲ್ಲ,” ಎಂದರು ಕಾಳವ್ವ. “‘ನಮ್ಮನಿಯವರು ಬಿದ್ದಾರ, ಲಗೂನ ಬರ್ರಿ’ ಅನ್ನೋದನ್ನ ಯಾರಿಗೂ ಮಾರಿಲ್ರಿ.”

ನ್ಯಾಯಮೂರ್ತಿಗಳು ಆ ಮಾತನ್ನು ಇದ್ದ ಹಾಗೆಯೇ ಬರೆದುಕೊಂಡರು.

ತೀರ್ಪು ಬರಲು ಬಹಳ ದಿನ ಹಿಡಿಯಲಿಲ್ಲ. ಓದಿಕೊಟ್ಟ ಸಾಲುಗಳು ಕಂಪನಿಯವೇ. ಜೀವಂತ ಮನುಷ್ಯರ ಗಂಟಲಿನಿಂದ ಹೊರಡುವ ಮಾತು ಯಾರ ಸ್ವತ್ತೂ ಅಲ್ಲ. ಆಪತ್ತಿನ ಕರೆಗಳನ್ನು ಜರಡಿ ಇನ್ನು ಮುಂದೆ ಮುಟ್ಟುವಂತೆಯೇ ಇಲ್ಲ. ಆ ತೀರ್ಪಿಗೆ ಜನ ‘ಕಾಳವ್ವನ ನಿಯಮ’ ಎನ್ನತೊಡಗಿದ್ದಾರೆ. ಅದರಲ್ಲಿ ನಮ್ಮ ಸಂಚಿಕೆಯ ಉಲ್ಲೇಖವಿದೆ. ವಿದ್ಯಾರ್ಥಿಗಳ ಪತ್ರಿಕೆಯೊಂದರ ಹೆಸರು ತೀರ್ಪಿನೊಳಗೆ! ಅಜ್ಜಪ್ಪ ಆ ಪುಟ ಹಿಡಿದುಕೊಂಡು ಹಾಸ್ಟೆಲಿನ ಕೋಣೆ ಕೋಣೆಗೂ ಹೋಗಿ ಬಂದ. ಅನಸೂಯಾ ಮೇಡಂ ಎಲ್ಲರಿಗೂ ಧಾರವಾಡ ಪೇಡೆ ತರಿಸಿದರು.

ತೀರ್ಪನ್ನು ಕೇಳುಪತ್ರಿಕೆಯಲ್ಲಿ ಓದಿದವರು ಕಾಳವ್ವನೇ. ಈ ಸಲ ಜಾಲದ ಮೂಲಕ. ಎಲ್ಲಿ ಕತ್ತರಿಸಿಬಿಡುತ್ತದೋ ಎಂದು ನಾವು ಉಸಿರು ಹಿಡಿದು ಕೂತಿದ್ದೆವು. ಮೊದಲ ಸಾಲು ದಾಟಿತು, ಎರಡನೆಯದೂ ದಾಟಿತು, ಕೊನೆಯ ಅಕ್ಷರದವರೆಗೂ ದನಿ ಹರಿಯಿತು. ಓದಿ ಮುಗಿಸಿದ ಕಾಳವ್ವ ನನ್ನ ಫೋನು ಇಸಿದುಕೊಂಡು ಮನೆಗೆ ಹಚ್ಚಿದರು. “ನಾನ್ರಿ,” ಎಂದರು. ಆಚೆ ಕಡೆಯಿಂದ ಮೌನೇಶಪ್ಪನವರ ಅಳು ನಮಗೂ ಕೇಳಿಸಿತು. “ಅಳಬ್ಯಾಡ್ರಿ. ಒಲಿ ಮ್ಯಾಲ ಬ್ಯಾಳಿ ಇಟ್ಟು ಬಂದೀನಿ, ಇಳಸ್ರಿ.”

ಹಿರಿಯರೇ, ದನಿಜರಡಿಯ ಮೊದಲ ಕಾಯ್ದೆ ನಿಮ್ಮ ಕಾಲದ ಆಸುಪಾಸಿನಲ್ಲೇ ಬರೆಯಲ್ಪಡುತ್ತದೆ. ಒಳ್ಳೆಯ ಉದ್ದೇಶದಿಂದಲೇ ಬರೆಯುತ್ತಾರೆ. ಕರಡು ನಿಮ್ಮ ಕೈಗೆ ಬಂದ ದಿನ ಅದನ್ನು ಮೈಕಿನ ಮುಂದೆ ಗಟ್ಟಿಯಾಗಿ ಓದಿ, ಆಪತ್ತಿನಲ್ಲಿ ಕೂಗುವವರ ಗತಿ ಏನೆಂದು ಕೇಳಿ. ನಾಲ್ಕೇ ಜನ ಕೇಳಿಸಿಕೊಂಡರೂ ಸರಿ, ನಿಲ್ಲಿಸಬೇಡಿ. ನೀವು ಮಾತಾಡಿದ್ದರಿಂದ ನಾವು ಮಾತಾಡಿದೆವು.

ನಿಮ್ಮವಳು,
ತಸ್ಲೀಮಾ