ಕೇಳಿ ಹಾಯ್ದ ಹಾದಿ

ಅಫಜಲಪುರ
೩೧ ಡಿಸೆಂಬರ್ ೨೦೨೪

ಪ್ರೀತಿಯ ಅತುಲ,

ನಿನ್ನ ಪಾಂಡುರಂಗ ಕಾಕಾನ ಆಶೀರ್ವಾದಗಳು. ಪುಣೆಯ ಚಳಿಗೆ ನಿನ್ನ ಮೂಗು ಕಟ್ಟಿಕೊಳ್ಳುವುದು ನಿಂತಿತೇ? ಚಿಕ್ಕಂದಿನಲ್ಲಿ ಅಜ್ಜಿ ನಿನಗೆ ಅಜವಾನದ ಗಂಟು ಕಾಸಿ ಎದೆಗೆ ಒತ್ತುತ್ತಿದ್ದಳು. ಈಗ ಅದನ್ನೆಲ್ಲ ಹೇಳಿದರೆ ನಗುತ್ತೀಯ. ನಿಮ್ಮ ಅಮ್ಮನ ಮೊಣಕಾಲು ನೋವು ಹೇಗಿದೆ? ನೀತಾ ವೈನಿ ಮೆಟ್ಟಿಲು ಹತ್ತುವುದನ್ನು ಕಡಿಮೆ ಮಾಡಲಿ. ನಾನು ಆರಾಮಾಗಿದ್ದೇನೆ. ಬಲಗಣ್ಣಿನ ಪೊರೆ ತೆಗೆಸಿದ ಮೇಲೆ ಸಣ್ಣ ಅಕ್ಷರದ ಪುಸ್ತಕಗಳನ್ನೂ ಓದುತ್ತೇನೆ, ಆದ್ದರಿಂದ ಸಿಟ್ಟಿಗೆ ಕಾರಣಗಳೂ ಹೆಚ್ಚಾಗಿವೆ.

ನಿನ್ನ ಪರೀಕ್ಷೆ ಹತ್ತಿರ ಬಂತೆಂದು ವೈನಿ ಫೋನಿನಲ್ಲಿ ಹೇಳಿದರು. ಕರಾರು ಕಾನೂನು, ಆಸ್ತಿ ಕಾನೂನು ಎರಡೂ ಇವೆಯಂತೆ. ಜೇವರ್ಗಿಯಲ್ಲಿ, ಆಮೇಲೆ ಆಳಂದದಲ್ಲಿ ಹೈಸ್ಕೂಲು ಮಕ್ಕಳಿಗೆ ಪೌರನೀತಿ ಕಲಿಸುವಾಗ ನಾನೂ ಇವುಗಳ ಮೊದಲ ಪಾಠವನ್ನು ಹೇಳುತ್ತಿದ್ದೆ. ಕರಾರೆಂದರೆ ಒಬ್ಬ ಕೇಳಬೇಕು, ಇನ್ನೊಬ್ಬ ಒಪ್ಪಬೇಕು, ಕೇಳಿದ್ದೊಂದೇ ಕರಾರಾಗುವುದಿಲ್ಲ. ಹಿಂದಿನ ಬೆಂಚಿನವರಿಗೂ ತಿಳಿಯುತ್ತಿದ್ದ ಮಾತು ಅದು. ದಾರಿಯ ಹಕ್ಕಿನ ಪಾಠ ಮಾತ್ರ ಅವರಿಗೆ ಒಗಟಾಗಿತ್ತು. ಇನ್ನೊಬ್ಬರ ಹೊಲದಲ್ಲಿ ಇಪ್ಪತ್ತು ವರ್ಷ ಯಾರ ಅಪ್ಪಣೆಯನ್ನೂ ಕೇಳದೆ, ರಾಜಾರೋಷವಾಗಿ, ತನ್ನದೇ ಹಕ್ಕೆಂಬಂತೆ ಹಾಯ್ದವನಿಗೆ ಆ ದಾರಿಯ ಹಕ್ಕು ಹುಟ್ಟುತ್ತದೆ. ಕೇಳಿ ಹಾಯ್ದವನಿಗೆ ನೂರು ವರ್ಷವಾದರೂ ಹುಟ್ಟುವುದಿಲ್ಲ. ಅದು ಬರಿಯ ಅನುಮತಿ, ಕೊಟ್ಟವರು ಬೇಕೆಂದಾಗ ಹಿಂದಕ್ಕೆ ಪಡೆಯಬಹುದು. ಆಳಂದದ ನಿಜಾಮುದ್ದೀನ ಎಂಬ ಹುಡುಗ ಎದ್ದು ನಿಂತು, "ಸರ್ರ, ಹಂಗಾದ್ರ ಮರ್ಯಾದಿಲೇ ಕೇಳಿದಾಂವ ಹುಚ್ಚಾದನಲ್ರಿ?" ಎಂದಿದ್ದ. ನೆರೆಯವನ ಒಳ್ಳೆಯತನವೇ ಅವನ ಕೊರಳಿಗೆ ಉರುಳಾಗಬಾರದು, ಹಾಗಾದರೆ ಯಾರೂ ಯಾರಿಗೂ ಹಾದಿ ಬಿಡುವುದಿಲ್ಲ, ಅದಕ್ಕೇ ಈ ನಿಯಮ ಎಂದು ನಾನು ವಿವರಿಸಿದ್ದೆ. ಈಗಲೂ ಆ ನಿಯಮ ತಪ್ಪೆಂದು ಹೇಳಲಾರೆ. ಆದರೆ ಈ ತಿಂಗಳು ನಮ್ಮೂರ ಕೋರ್ಟಿನಲ್ಲಿ ಕೂತಿದ್ದಾಗ ಆ ಹುಡುಗನ ಪ್ರಶ್ನೆಯೇ ಕಿವಿಯಲ್ಲಿ ಉಳಿಯಿತು.

ಅತನೂರಿನ ಹೊಲ ಪಾಲಿನಲ್ಲಿ ನಿಮ್ಮ ಅಪ್ಪನಿಗೆ ಹೋಯಿತು, ಈಗ ನಿನ್ನದು; ಅದರಲ್ಲಿ ನನ್ನ ಮಾತು ನಡೆಯುವುದಿಲ್ಲ. ಕೊಳ್ಳಲು ಬಂದವರು ತಕರಾರಿಲ್ಲದ ಹೊಲ ಬೇಕೆಂದರಂತೆ, ನೀನು ಸುತ್ತಲೂ ತಂತಿ ಹಾಕಿಸಿದೆ. ಹಿಂದಿನ ಹೊಲದ ಗಂಗುಬಾಯಿಗೆ ಬೇರೆ ಹಾದಿಯಿಲ್ಲ. ಒಂದು ಕಡೆ ಹಳ್ಳ, ಇನ್ನೊಂದು ಕಡೆ ಕಲ್ಲಿನ ದಿಬ್ಬ. ಅವಳ ತೊಗರಿ ಈಗ ಒಣಗಿ ನಿಂತಿದೆ, ಮುಟ್ಟಿದರೆ ಕಾಯಿ ಸಿಡಿಯುತ್ತದೆ. ರಾಶಿ ಮಾಡುವ ಮಷಿನ್ ನಿನ್ನ ತಂತಿಯ ಈಚೆಗೇ ನಿಂತು ತಿರುಗಿ ಹೋಯಿತು. ಅವಳ ಗಂಡ ಅಮೋಘಸಿದ್ದ ಸೂಡು ಕಟ್ಟಿ, ಹಳ್ಳದ ಕೆಸರಿನಲ್ಲಿ ಇಳಿದು, ತಲೆಯ ಮೇಲೆ ಹೊತ್ತು ತರುತ್ತಾನೆ. ಅವನಿಗೂ ನನ್ನಷ್ಟೇ ವಯಸ್ಸು. ದಾರಿ ಬಿಡಿಸಿಕೊಡಿ ಎಂದು ಅವಳು ದಾವೆ ಹಾಕಿದ್ದು ನಿನ್ನ ಮೇಲಿನ ದ್ವೇಷಕ್ಕಲ್ಲ.

ಅವಳ ಸಾಕ್ಷಿಯ ದಿನ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ನಿನ್ನ ವಕೀಲರು ಮೊದಲು ಪಹಣಿ, ನಕ್ಷೆ ಎಂದು ಸುತ್ತಾಡಿದರು. ಆಮೇಲೆ ತೀರ ಮೆತ್ತಗೆ, ಮನೆಯವರು ಮಾತಾಡಿಸುವಂತೆ, ಅಜ್ಜಿಯ ಹೆಸರು ಹಿಡಿದು ಕೇಳಿದರು: "ಎಳ್ಳಮಾಸಿ ದಿನ ಬುಟ್ಟಿ ತಗೊಂಡು ಲೀಲಾಬಾಯಾರ ಹಂತ್ಯಾಕ ಹೋಗ್ತಿದ್ದೆಲ್ಲವಾ? ಹಾದಿ ಕೇಳ್ತಿದ್ದೆಲ್ಲ?" ಗಂಗುಬಾಯಿಯ ಮುಖ ಅರಳಿತು. "ಹೌದ್ರಿ ಸಾಹೇಬ್ರ, ಪ್ರತಿ ವರ್ಷ ಕೇಳೇನ್ರಿ. ನಮ್ಮತ್ತಿನೂ ಕೇಳ್ತಿದ್ಳು. ಕೇಳದಽ ಒಂದಿನಾನೂ ಹಾಯ್ದಿಲ್ರಿ, ದೇವರಾಣಿ," ಎಂದಳು. ವಕೀಲರು ನಕ್ಕು, ಮುಗಿಯಿತೆಂದು ಕೂತರು. ಎಳ್ಳಮಾವಾಸ್ಯೆಗೆ ಬುಟ್ಟಿ ತಂದು ಹಾದಿ ಕೇಳುವ ಈ ಪದ್ಧತಿಯೇ ಅವಳ ವಕೀಲರಿಗೆ ಗೊತ್ತಿರಲಿಲ್ಲ. ಕಾಗದ ತಿರುವುತ್ತ ಉಳಿದರು. ಹೊರಗೆ ಬೇವಿನ ನೆರಳಲ್ಲಿ ಅವಳು ನನ್ನನ್ನು ಹಿಡಿದು ನಿಲ್ಲಿಸಿ, "ಮಾಸ್ತರ್ರ, ಖರೇನಽ ಹೇಳಿನ್ರಿ. ಅವ್ರ ವಕೀಲ್ರೂ ನಕ್ರು. ನಮ್ಮ ಕಡೀಗೇ ಆಗ್ತದಲ್ರಿ?" ಎಂದು ಕೇಳಿದಳು. ಇಷ್ಟು ವರ್ಷ ಪಾಠ ಹೇಳಿದ ನಾನು ಅವಳನ್ನು ಊರಿನ ಟಂಟಂ ಆಟೋ ಹತ್ತಿಸಿ ಬಂದೆ.

ಅತುಲ, ಆ ಪ್ರಶ್ನೆ ವಕೀಲರದಲ್ಲ. ಅವರು ಕಲಬುರಗಿಯಿಂದ ಬರುವವರು, ನಮ್ಮ ಹೊಲದ ಬನ್ನಿ ಗಿಡವನ್ನೂ ನೋಡಿದವರಲ್ಲ. ಅಜ್ಜಿ ಇಲ್ಲ, ನಿಮ್ಮ ಅಪ್ಪನಿಲ್ಲ, ನಾನು ಹೇಳಿಲ್ಲ. ಆ ಬನ್ನಿ ಗಿಡದ ಕೆಳಗೆ ಅಜ್ಜಿಯ ತೊಡೆಗೆ ಒರಗಿ ಗಂಗುಬಾಯಿಯ ಬುಟ್ಟಿಯಲ್ಲಿ ಕೈ ಹಾಕುತ್ತಿದ್ದವನು ನೀನೊಬ್ಬನೇ. ಭಜ್ಜಿ ಬೇಡ, ಸಜ್ಜೆ ರೊಟ್ಟಿ ಬೇಡ, ಬರೀ ಕಡಬು ಬೇಕು ನಿನಗೆ. "ನಮ್ಮ ಸಣ್ಣ ಸಾವ್ಕಾರ್ರಿಗಿ ಬ್ಯಾರೇನೇ ಕಟ್ಕೊಂಡು ಬಂದೇನಿ ತಗೋರಿ," ಎಂದು ಅವಳು ಸೆರಗಿನಿಂದ ಇನ್ನೊಂದು ಗಂಟು ತೆಗೆಯುತ್ತಿದ್ದಳು. ಪಾಠವನ್ನು ನೀನು ಚೆನ್ನಾಗಿ ಕಲಿತಿದ್ದೀಯ. ಪರೀಕ್ಷೆಯಲ್ಲಿ ಬರೆದಿದ್ದರೆ ನಾನೇ ಪೇಡೆ ಹಂಚುತ್ತಿದ್ದೆ.

ಆದರೆ ಅರ್ಧ ಪಾಠವನ್ನೇ ಏಕೆ ಕೊಟ್ಟೆ? ಗಂಗುಬಾಯಿ ಕೇಳಿದ್ದನ್ನು ವಕೀಲರಿಗೆ ಹೇಳಿದೆ. ಅಜ್ಜಿ ಅಂದದ್ದನ್ನು ಹೇಳಲಿಲ್ಲ. ಪ್ರತಿ ಸಲವೂ ಅದೇ ಮಾತು, ಅದೇ ನಗೆ: "ಕೇಳೋದೇನದ ಗಂಗೂ? ಹಾದಿ ನಿಮ್ಮದಽ ಅದ, ನಮ್ಮ ಮಾವನವರ ಕಾಲದಿಂದ. ಮೊದಲ ಕಡಬು ತೋರಸು." ಅದು ಅಪ್ಪಣೆ ಕೊಡುವ ಮಾತೇ? ಅಪ್ಪಣೆ ಕೊಡಲು ಆ ಹಾದಿ ತನ್ನದಲ್ಲ ಎಂದು ಹೊಲದೊಡತಿಯೇ ಹೇಳುತ್ತಿದ್ದಳು. ಕೇಳುವುದು ಗಂಗುಬಾಯಿಯ ಮರ್ಯಾದೆ, ಹಾಗೆ ಹೇಳುವುದು ಅಜ್ಜಿಯ ಮರ್ಯಾದೆ. ಎರಡೂ ಸೇರಿ ಆ ಹಾದಿ ಇಷ್ಟು ಕಾಲ ಬಾಳಿತು. ಈಗ ಒಂದನ್ನು ಕೋರ್ಟಿಗೆ ತಂದು ಇನ್ನೊಂದನ್ನು ಪುಣೆಯಲ್ಲೇ ಬಿಟ್ಟಿದ್ದೀಯ.

ನಿನ್ನೆ ಎಳ್ಳಮಾವಾಸ್ಯೆ. ಹೊತ್ತು ಇಳಿಯುವಾಗ ಗಂಗುಬಾಯಿ ಟಂಟಂನಲ್ಲಿ ನನ್ನ ಮನೆಗೇ ಬಂದಳು, ತಲೆಯ ಮೇಲೆ ಅದೇ ಬುಟ್ಟಿ. ನಾನು ಬಾಗಿಲಲ್ಲೇ ಕೈ ಅಡ್ಡ ಹಿಡಿದು, "ಬುಟ್ಟಿ ಕೊಡವಾ, ಖರೇ ಈ ವರ್ಷ ಏನೂ ಕೇಳಬ್ಯಾಡ," ಎಂದೆ. ಅವಳಿಗೆ ತಿಳಿಯಲಿಲ್ಲ. "ಕೇಳದಽ ಹ್ಯಾಂಗ ಹಾಯೋದ್ರಿ ಮಾಸ್ತರ್ರ? ನಾವೇನ್ ಕಳ್ಳರೇನ್ರಿ?" ಎಂದಳು. ಕಾನೂನು ಓದಿಸಿದವನು ಒಬ್ಬ ಹೆಣ್ಣುಮಗಳಿಗೆ ಮರ್ಯಾದೆ ಬಿಡು ಎಂದು ಕಲಿಸುವ ಕಾಲ ಬಂತಲ್ಲ. ಅವಳು ಹೋಗುವಾಗ, "ಸಣ್ಣ ಸಾವ್ಕಾರ್ರು ಬರ್ತಾರೇನ್ರಿ? ಅವರ ಗಂಟು ಬ್ಯಾರೇ ಅದರಿ," ಎಂದಳು.

ಗಂಟು ಇನ್ನೂ ಬಿಚ್ಚಿಲ್ಲ. ಕಡಬು ಪುಣೆಯವರೆಗೆ ತಾಳುವುದಿಲ್ಲ.

ವೈನಿಗೆ ನನ್ನ ನಮಸ್ಕಾರ ತಿಳಿಸು. ಮೈ ಕಾಯ್ದುಕೊಂಡು ಓದು. ಅಜ್ಜಿಯ ಹರಕೆ ನಿನ್ನ ಬೆನ್ನಿಗಿರಲಿ.

ನಿನ್ನ,
ಪಾಂಡುರಂಗ ಕಾಕಾ

ತಾ.ಕ.: ಟಪಾಲಿನ ಹೊತ್ತಾಯಿತು, ಅದಕ್ಕೇ ಅವಸರದಲ್ಲಿ. ಮುಂದಿನ ತಾರೀಖಿಗೆ ಗಂಗುಬಾಯಿಯ ಕಡೆಯ ಸಾಕ್ಷಿಯಾಗಿ ನಿಲ್ಲುತ್ತೇನೆಂದು ಅವಳ ವಕೀಲರಿಗೆ ಈ ಬೆಳಿಗ್ಗೆ ಹೇಳಿ ಬಂದೆ. ಅಷ್ಟರೊಳಗೆ ನೀನೇ ಬಂದು ತಂತಿ ತೆಗೆಸಿದರೆ ನಾನು ಕಟಕಟೆ ಹತ್ತುವುದಿಲ್ಲ. ಬಾರದಿದ್ದರೆ ಅಜ್ಜಿಯ ಮಾತನ್ನು ಇದ್ದ ಹಾಗೆ ಹೇಳುತ್ತೇನೆ. ಆಗ ನಿನ್ನ ವಕೀಲರು ಎದ್ದು, ನೀವು ಹೇಳಿದ್ದು ಸುಳ್ಳಲ್ಲವೇ ಎಂದು ನನ್ನನ್ನು ಕೇಳಬೇಕಾಗುತ್ತದೆ. ಅಜ್ಜಿಯ ಆ ಮಾತನ್ನು ಕೇಳಿದವರಲ್ಲಿ ನನ್ನನ್ನು ಬಿಟ್ಟರೆ ನಮ್ಮ ಮನೆಯಲ್ಲಿ ಈಗ ಉಳಿದವನು ನೀನೊಬ್ಬನೇ, ಆದ್ದರಿಂದ ಅವರಿಗೆ ಆ ಪ್ರಶ್ನೆಯನ್ನೂ ನೀನೇ ಬರೆದುಕೊಡಬೇಕು.