ಗೌರಿಯನ್ನು ಬಿಚ್ಚಿಕೊಂಡು ಹೋದ ಮೇಲೆ

ನಾಗಮಂಗಲ
16-11-1996

ಕಿಶನ್‌ನ ಅಪ್ಪನವರಿಗೆ,

ಪ್ರಮೀಳಾ ಮಾಡುವ ನಮಸ್ಕಾರ. ‘ಪ್ರೀತಿಯ’ ಎಂದು ಮೊದಲು ಬರೆದು ಆಮೇಲೆ ಹೊಡೆದು ಹಾಕಿದೆ. ಹಾಳೆಯನ್ನು ಬೆಳಕಿಗೆ ಹಿಡಿದರೆ ಕಾಣುತ್ತದೆ, ನೋಡಿಕೊಳ್ಳಿ. ಕೋಪ ಇನ್ನೂ ಇಳಿದಿಲ್ಲ. ಆದರೆ ಅದು ಯಾರ ಮೇಲೆ ಎಂಬುದೇ ಈಗ ತಿಳಿಯುತ್ತಿಲ್ಲ.

ನಾನು ಮಗುವನ್ನು ಎತ್ತಿಕೊಂಡು ತವರಿಗೆ ಹೊರಟ ದಿನ ಕಿರಂಗೂರಿನ ಬಸ್‌ಸ್ಟಾಪಿನಲ್ಲಿ ಎಲ್ಲರ ಮುಂದೆ ಕೂಗಾಡಿದಿರಿ. “ನನ್ ಹಂದಿಗೂ ತಮ್ಮಯ್ಯನ್ ಮಗಳ್ ಜ್ವರಕ್ಕೂ ಏನೇ ಸಂಬಂಧ? ಊರ್ ತುಂಬ ಸೊಳ್ಳೆ ಅವೆ, ಅವನ್ನೂ ನಾನೇ ಸಾಕಿದೀನಾ?” ಅಂದಿರಿ. ಮಗ ಬೇಕೋ ಹಂದಿ ಬೇಕೋ ತೀರ್ಮಾನ ಮಾಡಿ ಎಂದು ನಾನೂ ಅಂದೆ. ಪಕ್ಕದ ಮನೆಯ ತಮ್ಮಯ್ಯನ ಮಗಳು ಸ್ಪಂದನ ಆಗ ಮೈಸೂರಿನ ಆಸ್ಪತ್ರೆಯಲ್ಲಿ ಹೆತ್ತವಳ ಗುರುತೇ ಹಿಡಿಯದೆ ಮಲಗಿತ್ತು. ಮೆದುಳು ಜ್ವರವಂತೆ. ದಿನಾ ಸಂಜೆ ನಮ್ಮ ಪಡಸಾಲೆಯಲ್ಲಿ ಕಿಶನ್ ಪಕ್ಕ ಕೂತು ಟೀವಿ ನೋಡುತ್ತಿದ್ದ ಮಗು ಅದು. ನನ್ನ ಎದೆ ಹೊಡೆದುಕೊಳ್ಳದೆ ಇರುತ್ತದೆಯೇ? ಇಲ್ಲಿ ನಾಲೆಯಿಲ್ಲ, ಗದ್ದೆಯಿಲ್ಲ, ಬರೀ ರಾಗಿ ಹೊಲ. ಇಲ್ಲಿಗೆ ಬಂದುಬಿಟ್ಟರೆ ಪಾರಾದೆವು ಅಂದುಕೊಂಡೆ.

ಪಾಂಡವಪುರದ ಕಡೆ ಜ್ವರ ಕಾಣಿಸಿಕೊಂಡಾಗ ಆರೋಗ್ಯ ಇಲಾಖೆಯ ಜೀಪು ನಮ್ಮೂರಿಗೂ ಬಂದು ಮೈಕಿನಲ್ಲಿ ಸಾರಿತ್ತಲ್ಲ, ನೆನಪಿದೆಯೇ? ನಾನು ಪಾತ್ರೆ ಉಜ್ಜುತ್ತಾ ಅರ್ಧ ಕೇಳಿಸಿಕೊಂಡೆ. ಪ್ರಾಣಿಯಿಂದ ಸೊಳ್ಳೆಗೆ, ಸೊಳ್ಳೆಯಿಂದ ಮನುಷ್ಯರಿಗೆ, ಅಷ್ಟೇ ಕಿವಿಗೆ ಬಿದ್ದದ್ದು. ಹಿತ್ತಲಿನ ಬಿಳಿ ಹಂದಿಗಳನ್ನು ಸಾಗಹಾಕಿ ಅಂದೆ. ಹಂದಿ ಸಾಕಣೆಯ ಟ್ರೈನಿಂಗು ಮುಗಿಸಿ ತಂದವು ಎಂದು ನೀವು ಒಪ್ಪಲಿಲ್ಲ. ನನ್ನ ಬಾಯಿ ಮುಚ್ಚಿಸಲು ಮನೆ ಮುಂದಿನ ಕೊಟ್ಟಿಗೆಯಿಂದ ಗೌರಿಯನ್ನೂ ಎತ್ತುಗಳನ್ನೂ ಬಿಚ್ಚಿ ಹೊಲದ ಶೆಡ್ಡಿಗೆ ಹೊಡೆದುಕೊಂಡು ಹೋದಿರಿ. ಹೋಗಲಿ, ಒಂದಷ್ಟು ಪ್ರಾಣಿಯಾದರೂ ದೂರವಾಯಿತಲ್ಲ ಎಂದು ನಾನೂ ಸುಮ್ಮನಾದೆ. ಅತ್ತೆ ಮಾತ್ರ ಬಾಗಿಲಲ್ಲಿ ನಿಂತು, “ಮುಂದ್ಗಡೆ ದನ ಇಲ್ದಿದ್ರೆ ಅದೂ ಒಂದ್ ಮನೆಯೇನವ್ವಾ?” ಅಂದರು. ಅವರಿಗೆ ಓದು ಬರಹ ಇಲ್ಲ, ಅವರಿಗೇನು ಗೊತ್ತು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ದನ ಹೋದ ಮೇಲೆ ಹೊಗೆಯೂ ನಿಂತಿತು. ಸಂಜೆಯಾದರೆ ಅತ್ತೆ ಕೊಟ್ಟಿಗೆಯಲ್ಲಿ ಹಸಿ ಬೇವಿನ ಸೊಪ್ಪು ಹಾಕಿ ಹೊಗೆ ಎಬ್ಬಿಸುತ್ತಿದ್ದರು, ದನಕ್ಕೆ ಸೊಳ್ಳೆ ಕಾಟ ಎಂದು. ಖಾಲಿ ಕೊಟ್ಟಿಗೆಗೆ ಯಾರು ಹೊಗೆ ಹಾಕುತ್ತಾರೆ? ಆ ವಾರದಿಂದ ಪಡಸಾಲೆಯಲ್ಲಿ ಕೂರಲಾಗದಷ್ಟು ಸೊಳ್ಳೆ. ಮಕ್ಕಳು ಮೈ ಕೆರೆದುಕೊಳ್ಳುತ್ತಲೇ ಟೀವಿ ನೋಡುತ್ತಿದ್ದರು.

ಇದನ್ನೆಲ್ಲ ಇಲ್ಲಿನ ಡಾಕ್ಟರಮ್ಮನ ಹತ್ತಿರ ಹೇಳಿಕೊಂಡೆ. ಪಾಪ, ಕೂರಿಸಿಕೊಂಡು ವಿವರಿಸಿದರು. ರೋಗದ ಬೀಜ ಗದ್ದೆಯ ಬೆಳ್ಳಕ್ಕಿ, ಕೊಕ್ಕರೆಗಳ ಮೈಯಲ್ಲಿರುತ್ತದಂತೆ. ಗದ್ದೆ ನೀರಿನಲ್ಲಿ ಹುಟ್ಟಿದ ಸೊಳ್ಳೆ ಅವುಗಳನ್ನು ಕಚ್ಚಿ ಹಂದಿಯನ್ನು ಕಚ್ಚಿದರೆ, ಹಂದಿಯ ರಕ್ತದಲ್ಲಿ ಅದು ನೂರ್ಮಡಿಯಾಗುತ್ತದಂತೆ. ಹಂದಿ ಆರಾಮಾಗಿ ತಿಂದುಕೊಂಡಿರುತ್ತದೆ. ದನದ ಕಥೆಯೇ ಬೇರೆ. ಈ ಸೊಳ್ಳೆಗೆ ದನದ ರಕ್ತವೇ ಇಷ್ಟ, ಆದರೆ ದನದ ಮೈಯಲ್ಲಿ ರೋಗ ಬೆಳೆಯುವುದಿಲ್ಲ, ಅಲ್ಲಿಗೇ ನಿಂತುಹೋಗುತ್ತದಂತೆ. ಹಾಗಾದರೆ ಗೌರಿ ನಮಗೆ ಅಡ್ಡ ನಿಂತಿದ್ದಳೇ ಎಂದು ಕೇಳಿದೆ. “ನಿಂತಿರಬೋದು. ದನ ಇದ್ರೆ ಸೊಳ್ಳೆ ಜಾಸ್ತಿ ಆಯ್ತವೆ ಅನ್ನೋರೂ ಅವ್ರೆ ಕಣಮ್ಮ. ಇಂಗೇ ಅಂತ ಹೇಳಕ್ಕಾಗಲ್ಲ,” ಅಂದರು.

ನೋಡಿ, ಅವರಿಗೇ ಹೇಳಲಾಗದಿದ್ದರೆ ನಾನೇನು ತಿಳಿದುಕೊಳ್ಳಲಿ? ಹೋಗಬೇಕಾದ್ದು ಹಿತ್ತಲಲ್ಲಿ ಉಳಿಯಿತು, ಉಳಿಯಬೇಕಾದ್ದು ಬಾಗಿಲಿಂದ ಹೋಯಿತು. ಸ್ಪಂದನಳನ್ನು ಮಲಗಿಸಿದ್ದು ನಿಮ್ಮ ಹಂದಿಯೋ, ನನ್ನ ಅರ್ಧ ಕಿವಿಯೋ? ಬೆಳ್ಳಕ್ಕಿಯನ್ನು ಬಯ್ಯೋಣವೆಂದರೆ, ಅದು ಹಾರಿಹೋದಾಗಲೆಲ್ಲ ಕಿಶನ್ ಉಗುರು ತೋರಿಸಿ ಬಿಳಿ ಚುಕ್ಕಿ ಬೇಡುತ್ತಿದ್ದದ್ದು ನೆನಪಾಗುತ್ತದೆ. ಯೋಚಿಸಿ ಯೋಚಿಸಿ ತಲೆ ಗಿರ್ ಎನ್ನುತ್ತದೆ. ನಿಮ್ಮನ್ನು ಬಯ್ಯಲೆಂದೇ ಪೆನ್ನು ಹಿಡಿದೆ, ಅದೂ ಆಗುತ್ತಿಲ್ಲ.

ಹಂದಿಗಳನ್ನು ಊರಾಚೆಗೆ ಸಾಗಿಸಿಬಿಡಿ. ಗೌರಿಯನ್ನು ತಂದು ಮೊದಲಿನ ಜಾಗದಲ್ಲೇ ಕಟ್ಟಿ. ಹೊಗೆ ಹಾಕುವಾಗ ಪಡಸಾಲೆಗೂ ಬರುವಂತೆ ಹಾಕಲು ಅತ್ತೆಗೆ ಹೇಳಿ. ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನಿಮ್ಮ ಮೇಲೂ ಹೆಚ್ಚೇನಿಲ್ಲ.

ಇಂತಿ,
ನಿಮ್ಮ ಜಗಳಗಂಟಿ
ಪ್ರಮೀಳಾ

ವಿ.ಸೂ.: ಡಾಕ್ಟರಮ್ಮ ನನಗೆ ಎಲ್ಲಿ ಸಿಕ್ಕರು ಎಂದು ಬರೆಯಲಿಲ್ಲ. ಆದಿಚುಂಚನಗಿರಿಯ ಆಸ್ಪತ್ರೆಯಲ್ಲಿ. ಮೊನ್ನೆಯಿಂದ ಕಿಶನ್‌ಗೆ ಜ್ವರ. ಯಾವ ಜ್ವರವೆಂದು ಇನ್ನೂ ಹೇಳಿಲ್ಲ, ಅಲ್ಲಿಂದಲೇ ತಂದನೋ ಏನೋ. ಮೊದಲೇ ಬರೆದರೆ ನೀವು ಮಿಕ್ಕದ್ದನ್ನು ಓದುತ್ತಿರಲಿಲ್ಲ. ಕಾಗದ ತಂದಿರುವ ನನ್ನ ತಮ್ಮ ಸಿದ್ದರಾಜು ಜೊತೆಯಲ್ಲೇ ಹೊರಟುಬಿಡಿ. ಬೆಳಿಗ್ಗೆಯವರೆಗೂ ನನ್ನನ್ನು ಅವ್ವ ಎಂದೇ ಕರೆಯುತ್ತಿದ್ದ. ಈಗ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಾ, “ಅಜ್ಜಿ, ಗೌರಿ ಎಲ್ಲಿ?” ಅಂದ. ನಿದ್ದೆಗಣ್ಣಲ್ಲಿ ಅಂದನೋ, ನನ್ನ ಗುರುತೇ ಸಿಗಲಿಲ್ಲವೋ, ತಿಳಿಯುತ್ತಿಲ್ಲ. ಬೇಗ ಬನ್ನಿ.