ಕರೆಯದೆ ಬರುವವರು

ಡಿಸೆಂಬರ್ 11
ಉಪವಾಸದ ದಿನಗಳು: ಮಾಂಸ, ಹಾಲು ಇಲ್ಲ, ಮೀನು ನಡೆಯುತ್ತದೆ. ಬೀನ್ಸ್ ನೆನೆಹಾಕಿದೆ. ನಮ್ಮ ಮನೆದೇವರು ಸಂತ ನಿಕೋಲನ ಪಟದ ದೀಪಕ್ಕೆ ಎಣ್ಣೆ ಹಾಕುತ್ತಿದ್ದಾಗ ಅಣ್ಣ ಮಿಲಾದಿನನ ಫೋನ್. ಲಿಸ್ಬನ್, ಕೈರೋ, ಹನೋಯ್ ಎಲ್ಲ ಮುಗಿಯಿತಂತೆ. ಇನ್ನು ಅರ್ಜೆಂಟೀನಕ್ಕೆ ರಾಯಭಾರಿ. ಹೋಗುವ ಮುನ್ನ ಮನೆದೇವರ ಹಬ್ಬ ಇಲ್ಲೇ, ಹಳ್ಳಿಯಲ್ಲೇ.
"ಹಬ್ಬದ ರೊಟ್ಟಿ ನಿನ್ನತ್ತಿಗೆ ಯಾಸ್ನಾ ಮಾಡ್ತಾಳೆ. ಈ ಸಲ ನೀನು ಆರಾಮಾಗಿರು."
ಆರಾಮ! ಅಪ್ಪ ಹೋದಾಗಿನಿಂದ ಆ ದಪ್ಪ ಹುಳಿರೊಟ್ಟಿಯ ಹಿಟ್ಟು ನಾದಿದ ಕೈ ಇದು.

ಡಿಸೆಂಬರ್ 14
ಬಂದರು. ಅತ್ತಿಗೆಗೆ ವಯಸ್ಸೇ ಆಗುವುದಿಲ್ಲ. ಮೂರು ದೇಶಗಳ ಅಧ್ಯಕ್ಷರ ಪಕ್ಕ ನಿಂತು ಫೋಟೊ ತೆಗೆಸಿಕೊಂಡವಳು. ಈಗ ನನ್ನ ಅಡುಗೆಮನೆಯ ಮೊಳೆಗೆ ಅವಳ ಏಪ್ರನ್. ಹೊಟ್ಟೆಕಿಚ್ಚು ಪಾಪ, ಗೊತ್ತು. ಗೊತ್ತಿದ್ದೂ...
ಅಪ್ಪನ ಕಾಲದ ಸಂತನ ಪಟವನ್ನೂ ಒಯ್ಯುತ್ತಾರಂತೆ. "ಹೋದಲ್ಲೆಲ್ಲ ಅಂಗಡಿ ಪಟ ಇಟ್ಟು ಸಾಕಾಯ್ತು" ಎಂದ ಅಣ್ಣ. ಮನೆದೇವರು ಗಂಡುಮಕ್ಕಳಿಗೆ ಸೇರಿದ್ದು, ರೀತಿಯೇ ಹಾಗೆ. ಮದುವೆಯಾಗಿದ್ದರೆ ನನಗೆ ಗಂಡನ ಮನೆದೇವರು ಸಿಗುತ್ತಿದ್ದ. ಆಗಲಿಲ್ಲ. ಇರುವವನು ಈ ಸಂತನೊಬ್ಬ.

ಡಿಸೆಂಬರ್ 16
ಪಕ್ಕದ ಮನೆಯ ರಾದೊಯ್ಕಾ ಚಿನ್ನದಂಚಿನ ಕಾರ್ಡು ಬೀಸಿಕೊಂಡು ಬೇಲಿಗೆ ಬಂದಳು.
"ಏನೇ ಇದು? ಮನೆದೇವರ ಹಬ್ಬಕ್ಕೆ ಕರೆಯೋಲೆ! ಕರೀದೆ ಇದ್ರೆ ನಾನು ಬರ್ತಿರ್ಲಿಲ್ವಾ?"
"ಅತ್ತಿಗೆ ಹಂಚಿದ್ದು."
"ಆರರಿಂದ ಎಂಟು ಅಂತ ಬರ್ದಿದೆ. ಎಂಟಾದ್ಮೇಲೆ ಪೊರಕೆ ತಗೋತಾಳಾ?"
ಈ ಹಬ್ಬಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ. ಬಾಗಿಲು ತೆರೆದಿರುತ್ತದೆ, ಬರುವವರು ಬರುತ್ತಾರೆ. ಕರೆದರೆ ಅವಮಾನ. ಯಾಸ್ನಾ ಹೊರದೇಶದ ಅಭ್ಯಾಸದಲ್ಲಿ ಹಂಚಿಬಿಟ್ಟಿದ್ದಾಳೆ. ಅವಳ ಪರವಾಗಿ ಒಂದು ಮಾತು ಆಡಬಹುದಿತ್ತು. "ದೊಡ್ಡವರ ರೀತಿ, ನಂಗೇನು ಗೊತ್ತು" ಎಂದೆ. ಹೊಟ್ಟೆ ತಣ್ಣಗಾಯಿತು.

ಡಿಸೆಂಬರ್ 20, ಬೆಳಿಗ್ಗೆ
ನಿನ್ನೆ ಹಬ್ಬ. ರೊಟ್ಟಿ ಉಬ್ಬದಿರಲಿ ಎಂದು ಬೇಡಿಕೊಂಡಿದ್ದೆ. ಸಂತ ಕೇಳಲಿಲ್ಲ, ಚೆನ್ನಾಗಿಯೇ ಉಬ್ಬಿತು. ಪಾದ್ರಿ ಹರಸಿ ಹೋದರು. ಆಮೇಲೆ ಒಬ್ಬರೂ ಇಲ್ಲ. ಆರಾಯಿತು, ಏಳಾಯಿತು, ಮೀನು ಆರಿತು. ಹಬ್ಬದ ದಿನ ಮನೆಯ ಯಜಮಾನ ಕೂರುವಂತಿಲ್ಲ, ಬಂದವರಿಗೆ ನಿಂತೇ ಉಪಚಾರ ಮಾಡಬೇಕು. ಅಣ್ಣ ಬ್ರಾಂಡಿ ಬಾಟಲಿ ಹಿಡಿದು ಖಾಲಿ ಕುರ್ಚಿಗಳ ನಡುವೆ ನಿಂತಿದ್ದ. ನನ್ನತ್ತ ತಿರುಗಿದ.
"ಕೈರೋದಲ್ಲಿ ಇನ್ನೂರು ಜನ ಬರ್ತಿದ್ರು, ಸ್ತಾಮೆಂಕಾ. ನಮ್ಮೂರಿಗೇ ನಾನು ಬೇಡ್ವಾ?"
ಅತ್ತಿಗೆ ಒರೆಸಿದ ತಟ್ಟೆಯನ್ನೇ ಒರೆಸುತ್ತಿದ್ದಳು. ನನಗೆ ಸಂತೋಷವಾಯಿತು. ಆಯಿತು, ಸುಳ್ಳೇಕೆ? ಆದರೆ ಅಣ್ಣ ಬಾಟಲಿ ಹಿಡಿದೇ ಮತ್ತೆ ಹೋಗಿ ಬಾಗಿಲಾಚೆ ಇಣುಕಿದ್ದು ಕಂಡಿತು...
ಶಾಲು ಹೊದ್ದು ರಾದೊಯ್ಕಾಳ ಬಾಗಿಲಿಗೆ ಹೋದೆ. ಕರೆಯುವಂತಿಲ್ಲವಲ್ಲ.
"ನಮ್ಮಣ್ಣ ಇನ್ನೂ ನಿಂತೇ ಇದ್ದಾನೆ" ಎಂದೆ.
"ಅದನ್ನ ನಂಗ್ಯಾಕೆ ಹೇಳ್ತೀಯ?" ಎನ್ನುತ್ತಲೇ ತಲೆವಸ್ತ್ರ ಕಟ್ಟಿಕೊಂಡಳು. ದಾರಿಯಲ್ಲಿ ಇನ್ನೆರಡು ಬಾಗಿಲು ಬಡಿದಳು.
ಮನೆ ತುಂಬಿತು. ಎಂಟು ದಾಟಿದರೂ ಯಾರೂ ಏಳಲಿಲ್ಲ. ಎಲ್ಲರ ಬಾಯಲ್ಲೂ ರೊಟ್ಟಿಯದೇ ಹೊಗಳಿಕೆ — ರಾದೊಯ್ಕಾ ಕೂಡ! ಮೈ ಉರಿಯಿತು.

ಡಿಸೆಂಬರ್ 23
ಹೊರಟರು. ಪಟವನ್ನು ನಾನೇ ಇಳಿಸಿ, ಬಟ್ಟೆಯಲ್ಲಿ ಸುತ್ತಿ, ಯಾಸ್ನಾಳ ಕೈಗೆ ಕೊಟ್ಟೆ. ಅಣ್ಣನಿಗಲ್ಲ. ಅವನಿಗೆ ದೀಪ ಎಲ್ಲಿ ನೆನಪಿರುತ್ತದೆ.
"ಬೆಳಿಗ್ಗೆ ಕಾಫಿಗಿಂತ ಮೊದ್ಲು ದೀಪ. ನಮ್ಮ ಭಾಷೇಲೇ ಬೇಡ್ಕೊಳ್ಳಿ ಅತ್ತಿಗೆ, ಸಂತನಿಗೆ ಬೇರೆ ಭಾಷೆ ಬರಲ್ಲ."
ಅವಳು ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ.
ಸಂಜೆಯಾಯಿತು. ಎಣ್ಣೆ ಬಾಟಲಿ ಹಿಡಿದು ಎದ್ದೆ. ಗೋಡೆಯವರೆಗೂ ಹೋದೆ. ಆಮೇಲೆ ಕಂಡಿತು, ಅಲ್ಲಿ ಬರೀ ಮೊಳೆ.